ಅಪ್ಪನ ಫೋಟೋ ತೆಗೆಯುವವರು

ತಂಗಿ ಚಂಪಾಳ ಮದುವೆ ನಿಶ್ಚಯವಾದ ದಿನ, ತಾಂಬೂಲ ಹಿಡಿದು ಹೊರಟ ಬೀಗರು ಬೀದಿಯ ತಿರುವು ದಾಟುವ ಮೊದಲೇ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. ಛತ್ರ ಎಲ್ಲೋ ಒಂದು ಸಿಕ್ಕೇ ಸಿಗುತ್ತದೆ, ಅಡುಗೆಯವರನ್ನು ಆಮೇಲೆ ನೋಡಿಕೊಳ್ಳಬಹುದು, ಮೊದಲು ಫೋಟೋ ಯಾರ ಕೈಲಿ ತೆಗೆಸುವುದೆಂದು ಯೋಚನೆ ಮಾಡು ಎಂದಳು. ಒಲೆಯ ಮೇಲಿನ ಉಪ್ಪಿಟ್ಟಿನ ಬಾಣಲೆ ಇನ್ನೂ ಆರಿರಲಿಲ್ಲ. ನನಗೂ ಬೆಳಗಿನಿಂದ ಅದೇ ಚಿಂತೆ ಕೊರೆಯುತ್ತಿತ್ತು. ಇಬ್ಬರ ಚಿಂತೆಯೂ ಅಪ್ಪನದೇ, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ನಮ್ಮೂರಿನಲ್ಲಿ ಫೋಟೋ ತೆಗೆಯುವವರ ಮನಸ್ಸಿನಲ್ಲಿ ನಾವು ಹೇಗಿದ್ದೇವೋ ಫೋಟೋದಲ್ಲೂ ಹಾಗೆಯೇ ಬರುತ್ತೇವೆ. ಊರಿಗೆ ಮೊದಲ ಕ್ಯಾಮರಾ ಬಂದ ಕಾಲದಿಂದಲೂ ಹೀಗೇ. ಮೂಗು, ಕಿವಿ, ಹಣೆಯ ಮಚ್ಚೆ ಎಲ್ಲ ಇದ್ದಲ್ಲೇ ಇರುತ್ತವೆ. ಆದರೆ ತೆಗೆಯುವವನಿಗೆ ನಿಮ್ಮನ್ನು ಕಂಡರಾಗದಿದ್ದರೆ ಅದೇ ಮೂಗು, ಅದೇ ಕಿವಿ ಸೇರಿಕೊಂಡು ಬೇರೊಂದೇ ಮುಖವಾಗುತ್ತದೆ. ಎದುರುಮನೆಯ ಸರಸಮ್ಮನವರ ಮಗಳ ಮದುವೆಯಲ್ಲಿ ಗಡಿಬಿಡಿಗೆ ಬಿದ್ದು ಫೋಟೋದವನನ್ನು ಊಟಕ್ಕೆ ಕರೆಯುವುದನ್ನೇ ಮರೆತಿದ್ದರು. ಆ ಆಲ್ಬಮ್ಮಿನ ಮೊದಲರ್ಧದಲ್ಲಿ ಎಲ್ಲರೂ ಕಳೆಕಳೆಯಾಗಿದ್ದಾರೆ. ಊಟದ ಹೊತ್ತಿನಿಂದ ಆಚೆಗೆ ಅದೇ ಜನ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಕಿರಿದು ಮಾಡಿಕೊಂಡು, ಯಾರದೋ ಎಲೆಯಿಂದ ಹೋಳಿಗೆ ಕದ್ದವರ ಹಾಗಿದ್ದಾರೆ. ಅದಕ್ಕೇ ನಮ್ಮಲ್ಲಿ ಫೋಟೋಗ್ರಾಫರನ್ನು ಮದುವೆಗೆ ಒಂಬತ್ತು ದಿನ ಮುಂಚೆಯೇ ಮನೆಗೆ ಕರೆತರುತ್ತಾರೆ. ಮನೆಯವರ ಜೊತೆ ಉಂಡು, ಮಾತಾಡಿ, ಒಬ್ಬೊಬ್ಬರ ಗುಣ ತಿಳಿದು, ಒಂದಿಷ್ಟು ಮಮತೆ ಹುಟ್ಟಲಿ ಎಂದು. ಇದಕ್ಕೆ ಬಳಕೆಗೆ ಕರೆಯುವುದು ಎನ್ನುತ್ತೇವೆ. ಆ ಒಂಬತ್ತು ದಿನ ಮನೆಯಲ್ಲಿ ಯಾರ ದನಿಯೂ ಏರುವುದಿಲ್ಲ. ಎಂದೂ ಲೋಟ ಎತ್ತಿಡದ ಗಂಡಸರು ಬಾವಿಯಿಂದ ನೀರು ಸೇದಿ ತಂದು ಹಂಡೆ ತುಂಬಿಸುತ್ತಾರೆ. ಅತ್ತೆಯರು ಸೊಸೆಯರ ತಲೆಗೆ ಎಣ್ಣೆ ಹಚ್ಚುತ್ತಾರೆ. ಕೆಲವು ಮನೆಗಳಲ್ಲಿ ಆ ಅಭ್ಯಾಸ ಮದುವೆ ಮುಗಿದ ಮೇಲೂ ಸ್ವಲ್ಪ ದಿನ ಉಳಿದದ್ದುಂಟು.

ನಮ್ಮ ಮನೆಯ ತೊಡಕು ಅಪ್ಪನದು. ಅಪ್ಪ ಪುಟ್ಟಸ್ವಾಮಯ್ಯ, ಮೂವತ್ತೊಂದು ವರ್ಷ ತೂಕ ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದವರು. ಪೇಟೆಯ ಅಂಗಡಿಗಳಿಗೆ ಹೇಳದೆ ಕೇಳದೆ ಹೋಗಿ ತಕ್ಕಡಿ, ಬಟ್ಟು, ಲೀಟರ್ ಡಬ್ಬ ಎಲ್ಲ ಪರೀಕ್ಷೆ ಮಾಡಿ, ಕೊರತೆ ಕಂಡರೆ ಅಲ್ಲೇ ಕೇಸು ಬರೆಯುತ್ತಿದ್ದರು. ಯಾರ ಮನೆಯ ಕಾಫಿಯನ್ನೂ ಕುಡಿದವರಲ್ಲ, ಯಾರ ಹಬ್ಬದ ತಟ್ಟೆಯನ್ನೂ ಮನೆಯೊಳಗೆ ಬಿಟ್ಟುಕೊಂಡವರಲ್ಲ. ಊರಿನಲ್ಲಿ ಅವರಿಂದ ಒಂದಲ್ಲ ಒಂದು ಸಲ ದಂಡ ಕಟ್ಟದ ಅಂಗಡಿಯವರಿರಲಿಲ್ಲ. ಅಂಗಡಿಯವರ ಅಣ್ಣತಮ್ಮಂದಿರು, ಷಡ್ಡಕರು, ಭಾವಮೈದುನರು ಎಂದು ಲೆಕ್ಕ ಹಿಡಿದರೆ ಇಡೀ ಊರೇ ಬಂತು. ಅಪ್ಪ ನಿವೃತ್ತರಾದ ದಿನ ಕಚೇರಿಯಲ್ಲಿ ಹಾರ ಹಾಕಿ ಫೋಟೋ ತೆಗೆಸಿದರು. ತೆಗೆದವನ ಮಾವನದು ದಿನಸಿ ಅಂಗಡಿ. ಆ ಫೋಟೋದಲ್ಲಿ ಅಪ್ಪ ಬಿಲದೊಳಗಿಂದ ಇಣುಕುವ ಹೆಗ್ಗಣದ ಹಾಗಿದ್ದರು. ತುಟಿ ಬಿಗಿದು, ಕತ್ತು ಮುಂದೆ ಚಾಚಿ, ಹಾರದ ಹೂವನ್ನೂ ತೂಗಿ ನೋಡುವವರ ಹಾಗೆ. ಅಪ್ಪ ಅದನ್ನು ಮನೆಗೆ ತಂದು, ಒಂದು ಗಳಿಗೆ ನೋಡಿ, ಮತ್ತೆ ಕವರಿನೊಳಗೆ ಹಾಕಿ ಟ್ರಂಕಿನ ತಳಕ್ಕಿಟ್ಟರು. ಆಮೇಲೆ ಐದು ವರ್ಷ ಯಾವ ಕ್ಯಾಮರಾದ ಮುಂದೆಯೂ ನಿಲ್ಲಲಿಲ್ಲ. ಚಂಪಾಳ ಮದುವೆಯ ಮಾತು ಬಂದಾಗಲೂ, ಧಾರೆ ಎರೆದು ಬದಿಗೆ ಸರಿದುಬಿಡುತ್ತೇನೆ, ನನ್ನನ್ನು ಬಿಟ್ಟು ತೆಗೆಸಿಕೊಳ್ಳಿ ಎಂದಿದ್ದರು.

ಚಂಪಾ ಅದಕ್ಕೆ ಒಪ್ಪಲಿಲ್ಲ. ನನ್ನ ತಂಗಿ ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು, ಹಿಡಿದ ಪಟ್ಟು ಬಿಡುವವಳಲ್ಲ. ಮದುವೆಯಾಗಿ ಹೋಗುವುದು ಎರಡು ದಿನದ ರೈಲಿನಾಚೆ. ಆ ಮನೆಯವರು ಅಪ್ಪನನ್ನು ನೋಡಿದ್ದು ನಿಶ್ಚಿತಾರ್ಥದ ಒಂದು ಮಧ್ಯಾಹ್ನ ಮಾತ್ರ, ಮುಂದೆ ಅವರಿಗೆ ಅಪ್ಪ ಎಂದರೆ ಆಲ್ಬಮ್ಮಿನಲ್ಲಿ ಇರುವವರು. ಅಪ್ಪ ಇಲ್ಲದ ಆಲ್ಬಮ್ ನನಗೆ ಬೇಡ, ಹೆಗ್ಗಣದ ಹಾಗಿರುವ ಅಪ್ಪನೂ ಬೇಡ, ಅಪ್ಪನನ್ನು ಸರಿಯಾಗಿ ನೋಡುವವರು ಯಾರಾದರೂ ಈ ಊರಿನಲ್ಲಿ ಇದ್ದೇ ಇರುತ್ತಾರೆ, ಹುಡುಕೋಣ ನಡಿ ಎಂದು ನನ್ನ ಕೈಗೆ ಕೊಡೆ ಕೊಟ್ಟು ಹೊರಡಿಸಿದಳು. ನಾನು ಪಾಠ ಹೇಳುವ ಶಾಲೆಗೆ ರಜೆ ಹಾಕಿ ಅವಳ ಹಿಂದೆ ನಡೆದೆ.

ಮೊದಲು ಹೋದದ್ದು ಗುಂಡಾಚಾರರ ಸ್ಟುಡಿಯೋಗೆ. ಅವರು ಊರಿಗೆಲ್ಲ ಬೇಕಾದ ಮನುಷ್ಯ. ಅವರಿಗೆ ಆಗದವರು ಎಂದು ಪ್ರಪಂಚದಲ್ಲಿ ಯಾರೂ ಇಲ್ಲ. ಬಾಗಿಲಲ್ಲಿ ನಮ್ಮನ್ನು ಕಂಡದ್ದೇ ಎರಡು ಕುರ್ಚಿ ಒರೆಸಿ, ಕಬ್ಬಿನ ಹಾಲು ತರಿಸಿ, ಅಪ್ಪನವರನ್ನು ಬಾಯಿತುಂಬ ಹೊಗಳಿದರು. ಇಲ್ಲೇ ಮುಗಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ಆದರೆ ಚಂಪಾ ಅವರ ಆಲ್ಬಮ್ಮುಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಎಲ್ಲ ಮದುವೆಗಳಲ್ಲೂ ಎಲ್ಲರೂ ಒಂದೇ ಪಾಕದಲ್ಲಿ ಅದ್ದಿ ತೆಗೆದ ಹಾಗಿದ್ದರು. ಮದುಮಗಳು, ಅವಳ ಅಜ್ಜಿ, ಪುರೋಹಿತರು, ಓಲಗದವರು, ಎಲ್ಲರದೂ ಅದೇ ದುಂಡುಮುಖ, ಅದೇ ನಗು. ಒಂದು ಫೋಟೋದಲ್ಲಿ ವರ ಯಾರು, ವರನ ಅಪ್ಪ ಯಾರು ಎಂದು ನನಗೆ ಗುರುತೇ ಹತ್ತಲಿಲ್ಲ. ಹೊರಗೆ ಬಂದ ಮೇಲೆ ಚಂಪಾ, ಅವರಿಗೆ ಎಲ್ಲರೂ ಇಷ್ಟ, ಅಂದರೆ ಯಾರನ್ನೂ ನೋಡಿಲ್ಲ ಎಂದಳು.

ಕಚೇರಿಯ ಎದುರು ಗುರುತಿನ ಚೀಟಿಯ ಫೋಟೋ ತೆಗೆಯುವ ಸೀತಾರಾಮು ಇದ್ದರು. ಅವರಿಗೆ ಯಾರ ಮೇಲೂ ಸಿಟ್ಟಿಲ್ಲ, ಅಕ್ಕರೆಯೂ ಇಲ್ಲ. ಅದಕ್ಕೇ ಸರ್ಕಾರದವರಿಗೆ ಅವರೇ ಬೇಕು. ಅವರ ಫೋಟೋದಲ್ಲಿ ಮನುಷ್ಯರು ಬೀರು, ಬೆಂಚುಗಳ ಹಾಗೆ ಅಚ್ಚುಕಟ್ಟಾಗಿ ಬರುತ್ತಿದ್ದರು. ಇನ್ನೊಬ್ಬ ಹುಡುಗ ಹೊಸದಾಗಿ ಅಂಗಡಿ ಇಟ್ಟವನು, ಅಪ್ಪನ ಹೆಸರು ಕೇಳುತ್ತಲೇ ಎದ್ದು ನಿಂತುಬಿಟ್ಟ. ಚಿಕ್ಕಂದಿನಲ್ಲಿ ಊಟ ಮಾಡದಿದ್ದರೆ ಪುಟ್ಟಸ್ವಾಮಯ್ಯನವರನ್ನು ಕರೆಯುತ್ತೇನೆ ಎಂದು ಅವನ ಅಮ್ಮ ಹೆದರಿಸುತ್ತಿದ್ದಳಂತೆ. ಹೆದರಿಕೆಯಿಂದ ತೆಗೆದ ಫೋಟೋ ಹೇಗಿರುತ್ತದೆಂದು ನಮಗೆ ಗೊತ್ತಿತ್ತು. ಅವನ ಕೈಲಿ ಅಪ್ಪ ಹತ್ತಡಿ ಎತ್ತರ ಬಂದಾರು. ಮಿಕ್ಕವರು ನಾವು ಯಾರ ಮನೆಯವರೆಂದು ತಿಳಿಯುತ್ತಲೇ ಆ ತಿಂಗಳು ಬಿಡುವಿಲ್ಲ ಎಂದರು.

ಕೊನೆಗೆ ಉಳಿದವಳು ದಾಕ್ಷಾಯಿಣಿ. ಅವಳ ಹೆಸರು ನನಗೆ ಮೊದಲಿನಿಂದ ಗೊತ್ತಿತ್ತು, ಬೇಕೆಂದೇ ಹೇಳಿರಲಿಲ್ಲ. ಅವಳು ಎಣ್ಣೆ ಅಂಗಡಿ ಚನ್ನಬಸಪ್ಪನವರ ಮಗಳು. ಇಪ್ಪತ್ತು ವರ್ಷದ ಹಿಂದೆ ಅಪ್ಪ ಆ ಅಂಗಡಿಗೆ ಹೋಗಿ ಅಳತೆಯ ಡಬ್ಬವನ್ನು ಬೋರಲು ಹಾಕಿ ಬಡಿದಾಗ, ಒಳಗೆ ತಳದ ಮೇಲೆ ಬೆಸೆದಿದ್ದ ಇನ್ನೊಂದು ತಗಡು ಕಿತ್ತು ಬಂದಿತ್ತು. ಡಬ್ಬ ಕೊಂಡಾಗಲೇ ಹಾಗಿತ್ತು, ನನಗೆ ಗೊತ್ತಿರಲಿಲ್ಲ ಎಂದು ಚನ್ನಬಸಪ್ಪ ಗೋಗರೆದರಂತೆ. ಅಂಗಡಿಗೆ ಬೀಗ ಬಿತ್ತು. ಮೂರು ತಿಂಗಳಿಗೆ ಬೀಗ ತೆಗೆದರೂ ಅವರು ಮತ್ತೆ ಆ ಗಲ್ಲಾದ ಮೇಲೆ ಕೂರಲಿಲ್ಲ, ಬೀದಿಗೂ ಹೆಚ್ಚು ಬರಲಿಲ್ಲ. ಮಗಳು ಯಾರದೋ ಸ್ಟುಡಿಯೋದಲ್ಲಿ ಕೆಲಸ ಕಲಿತು ಈಗ ಊರಿನಲ್ಲೇ ಒಳ್ಳೆಯ ಹೆಸರು ಮಾಡಿದ್ದಳು. ಅವಳು ತೆಗೆದ ಒಂದು ಆಲ್ಬಮ್ಮನ್ನು ಚಂಪಾ ಗೆಳತಿಯ ಮನೆಯಲ್ಲಿ ನೋಡಿ ಬಂದಳು. ಅದರಲ್ಲಿ ಅಡುಗೆಯವನೊಬ್ಬ ಬೆವರು ಒರೆಸಿಕೊಳ್ಳುತ್ತ ದೂರದಿಂದ ಮದುಮಗಳನ್ನು ನೋಡುವ ಫೋಟೋ ಇತ್ತಂತೆ. ಅವನಿಗೂ ಒಬ್ಬ ಮಗಳಿದ್ದಾಳೆ, ಇನ್ನೂ ಮದುವೆಯಾಗಿಲ್ಲ ಎನ್ನುವುದು ಯಾರೂ ಹೇಳದೆಯೇ ತಿಳಿಯುತ್ತಿತ್ತಂತೆ.

ದಾಕ್ಷಾಯಿಣಿ ನಮ್ಮ ಮಾತು ಪೂರ್ತಿ ಕೇಳಿದಳು. ನಂತರ ತನ್ನ ಕೈಗಳನ್ನು ನೋಡಿಕೊಂಡು, ಎಲ್ಲ ಗೊತ್ತಿದ್ದೂ ನನ್ನ ಹತ್ತಿರ ಯಾಕೆ ಬಂದಿರಿ ಎಂದು ಕೇಳಿದಳು.

“ಊರಲ್ಲಿ ಮಿಕ್ಕವರೆಲ್ಲ ಅಪ್ಪನ್ನ ಒಂದೇ ದಿನದಲ್ಲಿ ನೋಡಿ ಮುಗಿಸಿಬಿಟ್ಟಿದಾರೆ,” ಎಂದಳು ಚಂಪಾ. “ನೀವಾದ್ರೆ ನೋಡೋಕೆ ಒಂಬತ್ತು ದಿನ ತಗೋತೀರಿ.”

ದಾಕ್ಷಾಯಿಣಿ ಬರುತ್ತೇನೆ ಎಂದಳು, ಆದರೆ ಮಾತು ಕೊಡುವುದಿಲ್ಲ ಎಂದೂ ಸೇರಿಸಿದಳು.

ಅವಳು ಕ್ಯಾಮರಾದ ಚೀಲ, ಬಟ್ಟೆಯ ಪೆಟ್ಟಿಗೆ ಹಿಡಿದು ನಮ್ಮ ಮನೆಗೆ ಬಂದ ಬೆಳಿಗ್ಗೆ ಅಪ್ಪ ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದರು. ನಾವು ಯಾರೂ ಅವರಿಗೆ ಹೇಳಿರಲಿಲ್ಲ, ಹೇಳುವ ಭಾರವನ್ನು ಒಬ್ಬರ ಮೇಲೊಬ್ಬರು ಹಾಕಿಕೊಂಡು ಕಾಲ ಕಳೆದಿದ್ದೆವು. ಅಪ್ಪ ಕನ್ನಡಕ ತೆಗೆದು ಅವಳನ್ನು ನೋಡಿ, ಚನ್ನಬಸಪ್ಪನವರ ಮಗಳಲ್ಲವೇನಮ್ಮ ಎಂದರು. ಹೌದು ಎಂದಳು. ಅವರು ಹೇಗಿದ್ದಾರೆ ಎಂದು ಕೇಳಿದರು. ತೀರಿಕೊಂಡು ಎಂಟು ವರ್ಷವಾಯಿತು ಎಂದಳು. ಅಪ್ಪ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದರು. ತಿಂಡಿ ಮಾಡು ತಾಯಿ, ಒಳಗೆ ಹೋಗು ಎಂದು ಹೇಳಿ ಹಿತ್ತಲಿಗೆ ಹೊರಟುಹೋದರು.

ಮೊದಲ ನಾಲ್ಕು ದಿನ ಅವಳು ಕ್ಯಾಮರಾವನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಅಮ್ಮನ ಜೊತೆ ಕೂತು ಅವರೆಕಾಯಿ ಸುಲಿದಳು, ಚಂಪಾಳ ಸೀರೆಗೆ ಕುಚ್ಚು ಕಟ್ಟಿದಳು, ನನ್ನ ಶಾಲೆಯ ಮಕ್ಕಳ ನೋಟುಪುಸ್ತಕಗಳಲ್ಲಿ ಚಿತ್ರಗಳನ್ನು ನೋಡಿ ನಕ್ಕಳು. ಅಮ್ಮ ಬಲು ಬೇಗ ಅವಳಿಗೆ ಹತ್ತಿರವಾದಳು. ನಾನೂ ಆದೆ ಅನ್ನಿಸುತ್ತದೆ, ಮೂರನೇ ದಿನಕ್ಕೆ ನನ್ನನ್ನು ಜಲಜಕ್ಕ ಎಂದು ಕರೆಯತೊಡಗಿದ್ದಳು. ಅಪ್ಪ ಮಾತ್ರ ಇದ್ದ ಹಾಗೆಯೇ ಇದ್ದರು. ಅಮ್ಮ ಅವರನ್ನು ಮೂಲೆಗೆ ಕರೆದು, ಸ್ವಲ್ಪ ಮೆತ್ತಗೆ ಮಾತಾಡಿ, ಒಂದಿಷ್ಟು ನಗುನಗುತ್ತ ಇರಿ ಎಂದು ಬೇಡಿಕೊಂಡಳು. ಒಂಬತ್ತು ದಿನಕ್ಕೋಸ್ಕರ ಬೇರೆ ಮನುಷ್ಯ ಆಗುವುದು ನನ್ನಿಂದಾಗದು ಎಂದು ಅಪ್ಪ ಹೇಳಿದ್ದು ನಡುಮನೆಯಲ್ಲಿದ್ದ ನಮಗೆಲ್ಲ ಕೇಳಿಸಿತು.

ಆರನೇ ದಿನ ಮದುವೆಯ ಅಕ್ಕಿಮೂಟೆಗಳು ಬಂದವು. ಅಪ್ಪ ಅಭ್ಯಾಸಬಲದಿಂದ ತೂಗಿ ನೋಡಿದರೆ ಒಂದು ಮೂಟೆಯಲ್ಲಿ ಎರಡು ಕಿಲೋ ಹೆಚ್ಚಿಗೆ ಬಂದಿತ್ತು. ಆ ಎರಡು ಕಿಲೋ ಅಕ್ಕಿಯನ್ನು ಚೀಲಕ್ಕೆ ತುಂಬಿಕೊಂಡು ಅಂಗಡಿಗೆ ವಾಪಸು ಕೊಡಲು ಬಿಸಿಲಲ್ಲಿ ಹೊರಟರು. ದಾಕ್ಷಾಯಿಣಿ ನಾನೂ ಬರುತ್ತೇನೆ ಎಂದು ಜೊತೆಗೆ ಹೋದಳು. ಒಂದು ಗಂಟೆಯ ನಂತರ ಇಬ್ಬರೂ ಹಿಂದಿರುಗಿದರು, ನಡೆದದ್ದನ್ನು ದಾಕ್ಷಾಯಿಣಿ ಅಮ್ಮನಿಗೆ ಹೇಳಿದಳು. ಆ ಅಂಗಡಿಯವನು ಅಕ್ಕಿ ತೆಗೆದುಕೊಂಡು ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲವಂತೆ, ತನ್ನನ್ನು ಅವಮಾನ ಮಾಡಲೆಂದೇ ಬಂದರೇನೋ ಎಂಬಂತೆ ನೋಡಿದನಂತೆ. ಅಮ್ಮನ ಮುಖ ಅರಳಿತು. ಇಂಥದ್ದನ್ನು ಕಣ್ಣಾರೆ ನೋಡಿದ ಮೇಲೆ ಯಾರಿಗೆ ತಾನೇ ಒಳ್ಳೆಯ ಭಾವನೆ ಬರುವುದಿಲ್ಲ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಎಂಟನೇ ದಿನ ಮಧ್ಯಾಹ್ನ ದಾಕ್ಷಾಯಿಣಿ ನನ್ನನ್ನು ಮಹಡಿಯ ಕೋಣೆಗೆ ಕರೆದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಹಿಂದಿನ ದಿನ ಕಿಟಕಿಯಿಂದ ಅಪ್ಪನ ಒಂದು ಫೋಟೋ ತೆಗೆದು ನೋಡಿದಳಂತೆ. ಸ್ಟುಡಿಯೋಗೆ ಹೋಗಿ ತೊಳೆದು ಪ್ರಿಂಟ್ ಹಾಕಿ, ನೋಡಿದವಳೇ ಹರಿದು ಹಾಕಿದಳಂತೆ. ಅದರಲ್ಲಿ ಏನಿತ್ತು ಎಂದು ನಾನು ಕೇಳಲಿಲ್ಲ.

“ನ್ಯಾಯವಾದ ಮನುಷ್ಯ, ಜಲಜಕ್ಕ. ಅದು ನಂಗೆ ಮೊದಲೂ ಗೊತ್ತಿತ್ತು,” ಎಂದಳು. “ಆದ್ರೆ ನ್ಯಾಯ ಅರ್ಥ ಆದ ಮಾತ್ರಕ್ಕೆ ಮನಸ್ಸು ಬರಲ್ವಲ್ಲ. ಅವ್ರು ಕತ್ತೆತ್ತಿ ನೀರು ಕುಡಿಯೋದು ಕಂಡ್ರೆ ಸಾಕು, ನಮ್ಮಂಗಡೀಲಿ ಆ ಡಬ್ಬ ಕೈಲಿ ಹಿಡಿದು ನಿಂತಿದ್ದೇ ಕಣ್ಮುಂದೆ ಬರುತ್ತೆ. ನಮ್ಮಪ್ಪ ಅವರ ಕಾಲ ಹತ್ರ ಬಗ್ಗಿದ್ರು.”

ಆಮೇಲೆ, ಮಿಕ್ಕ ಮದುವೆಯನ್ನೆಲ್ಲ ನಾನು ತೆಗೆಯುತ್ತೇನೆ, ನಿಮ್ಮ ಅಪ್ಪನಿರುವ ಫೋಟೋ ಮಾತ್ರ ಮನೆಯವರೇ ಯಾರಾದರೂ ತೆಗೆಯಬೇಕು, ಬೆಳಕು, ದೂರ ಎಲ್ಲ ನಾನೇ ಹೊಂದಿಸಿ ಕೊಡುತ್ತೇನೆ, ಗುಂಡಿ ಒತ್ತಿದರಾಯಿತು ಎಂದಳು. ಧಾರೆಯ ಹೊತ್ತಿನಲ್ಲಿ ಚಂಪಾ, ಅಮ್ಮ ಇಬ್ಬರೂ ಮಂಟಪದಲ್ಲಿ ಅಪ್ಪನ ಪಕ್ಕದಲ್ಲಿರುತ್ತಾರೆ. ಉಳಿದವಳು ನಾನೊಬ್ಬಳೇ.

ನನ್ನ ಕೈಲಾಗುವುದಿಲ್ಲ ಎಂದೆ. ಯಾಕೆ ಎಂದಳು. ನಾನು ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದ್ದು ಆ ಮಧ್ಯಾಹ್ನ.

ನನಗೂ ಒಂದು ಮದುವೆ ಗೊತ್ತಾಗಿತ್ತು. ಆಗ ನನಗೆ ಇಪ್ಪತ್ತೆರಡು. ಹುಡುಗನ ತಂದೆ ಧಾನ್ಯದ ಮಂಡಿಯವರು. ಹುಡುಗ ಎರಡು ಸಲ ಮನೆಗೆ ಬಂದಿದ್ದ, ಒಂದು ಸಲ ನಾನು ಕೊಟ್ಟ ಪಾನಕದಲ್ಲಿ ಬೆಲ್ಲ ಕಮ್ಮಿ ಎಂದು ನಗುತ್ತ ಹೇಳಿದ್ದ. ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು. ಮದುವೆಗೆ ಒಂದು ತಿಂಗಳಿದೆ ಎನ್ನುವಾಗ ಯಾರೋ ರೈತರು ದೂರು ಕೊಟ್ಟರೆಂದು ಅಪ್ಪ ಆ ಮಂಡಿಗೆ ಹೋದರು. ಬಟ್ಟುಗಳು ಸುಳ್ಳಾಗಿದ್ದವು, ಕೇಸು ಬರೆದರು. ಬೇರೆಯವರನ್ನು ಕಳಿಸಬಹುದಿತ್ತು, ಕಾಯಬಹುದಿತ್ತು ಎಂದು ಜನ ಅಂದರು. ನಾನು ಹಾಗೆ ಅನ್ನಲಿಲ್ಲ. ಸುಳ್ಳು ತೂಕದ ಮನೆಗೆ ಸೊಸೆಯಾಗಿ ಹೋಗಬೇಕಿತ್ತು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ನನಗೆ ಆದದ್ದೇ ಬೇರೆ. ಆ ಸಂಜೆ ನಾನು ಹೊಸ ರವಿಕೆಗೆ ಹೊಲಿಗೆ ಹಾಕುತ್ತ ಕೂತಿದ್ದೆ. ಅಪ್ಪ ಬಂದರು, ನನ್ನನ್ನು ದಾಟಿ ಅಡುಗೆಮನೆಗೆ ಹೋದರು, ನೀರು ಕುಡಿದು, ಆ ಸಂಬಂಧ ಆಗುವುದಿಲ್ಲ ಎಂದು ಅಮ್ಮನಿಗೆ ಹೇಳಿದರು. ನನಗೆ ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ, ಹದಿನಾಲ್ಕು ವರ್ಷವೂ ಹೇಳಲಿಲ್ಲ. ಆಮೇಲೆ ಬಂದ ಗಂಡುಗಳನ್ನೆಲ್ಲ ನಾನೇ ಬೇಡ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಒಂದೇ ಮನೆಯಲ್ಲಿ ಕಾಫಿ ಲೋಟ ಕೊಟ್ಟು, ಖಾಲಿ ಲೋಟ ತೆಗೆದುಕೊಂಡು, ಕರೆಂಟು ಬಿಲ್ಲು ಬಂತು, ಹಾಲಿನವನು ಬಂದ ಎಂದು ಮಾತಾಡಿಕೊಂಡು ಬದುಕಿದೆವು.

“ನನ್ನ ಮನಸ್ಸಲ್ಲಿ ಏನಿದೆಯೋ ನನಗೇ ಗೊತ್ತಿಲ್ಲ,” ಎಂದೆ ದಾಕ್ಷಾಯಿಣಿಗೆ. “ಅದು ಚಂಪನ ಆಲ್ಬಮ್ಮಲ್ಲಿ ಬಂದುಬಿಟ್ರೆ?”

ಅವಳು ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅಪ್ಪನನ್ನೇ ಕೇಳಿ ನೋಡಿ ಎಂದಳು.

ಮರುದಿನ ಬೆಳಿಗ್ಗೆ ಅಪ್ಪ ಹಿತ್ತಲಿನಲ್ಲಿ ತೋರಣಕ್ಕೆ ಮಾವಿನೆಲೆ ಆರಿಸುತ್ತ ಕೂತಿದ್ದರು. ಒಂದೇ ಉದ್ದದ ಎಲೆಗಳನ್ನು ಒಂದು ಕಡೆ, ಗಿಡ್ಡದವನ್ನು ಒಂದು ಕಡೆ ಹಾಕುತ್ತಿದ್ದರು. ನಾನು ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ದಾಕ್ಷಾಯಿಣಿ ನಿಮ್ಮ ಫೋಟೋ ತೆಗೆಯಲು ಆಗುವುದಿಲ್ಲ ಎನ್ನುತ್ತಿದ್ದಾಳೆ ಎಂದೆ. ಆ ಹುಡುಗಿಯದು ತಪ್ಪೇನಿಲ್ಲ ಎಂದರು ಅಪ್ಪ, ಎಲೆಯಿಂದ ಕಣ್ಣು ತೆಗೆಯದೆ. ನನಗೆ ತೆಗೆಯಲು ಹೇಳುತ್ತಿದ್ದಾಳೆ ಎಂದೆ. ಅವರ ಕೈ ನಿಂತಿತು.

“ನಂಗೆ ಭಯ ಆಗ್ತಿದೆ ಅಪ್ಪ. ಹೇಗೆ ಬರುತ್ತೋ ಗೊತ್ತಿಲ್ಲ.”

ಪಕ್ಕದ ಮನೆಯವರು ಬಾವಿಗೆ ಕೊಡ ಇಳಿಸುವ ಸದ್ದು ಕೇಳುತ್ತಿತ್ತು. ಅಪ್ಪ ಒಂದು ಗಿಡ್ಡ ಎಲೆಯನ್ನು ಉದ್ದದ ಎಲೆಗಳ ಗುಡ್ಡೆಗೆ ಹಾಕಿದ್ದು ನನಗೆ ಕಂಡಿತು.

“ನೀನೇ ತೆಗಿ,” ಎಂದರು. “ಹೇಗೆ ಬಂದ್ರೂ ಬರಲಿ. ನಿನ್ನ ಕಣ್ಣಿಗೆ ನಾನು ಹೇಗಿದೀನಿ ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ. ಹೀಗಾದ್ರೂ ಗೊತ್ತಾಗ್ಲಿ.”

ಮದುವೆಯ ದಿನ ಛತ್ರದ ತುಂಬ ಜನ. ಅಪ್ಪನ ಮೇಲೆ ಸಿಟ್ಟಿದ್ದವರೂ ಬಂದಿದ್ದರು, ಮದುವೆ ಎಂದರೆ ಯಾರೂ ಬಿಡುವುದಿಲ್ಲ. ದಾಕ್ಷಾಯಿಣಿ ಬೆಳಗಿನಿಂದ ಮಂಟಪಕ್ಕೂ ಊಟದ ಮನೆಗೂ ಓಡಾಡುತ್ತ, ಒಮ್ಮೆ ಮೇಜಿನ ಮೇಲೆ ಹತ್ತಿ, ಒಮ್ಮೆ ನೆಲದ ಮೇಲೆ ಕೂತು ಎಲ್ಲರನ್ನೂ ತೆಗೆದಳು. ಧಾರೆಯ ಹೊತ್ತು ಹತ್ತಿರ ಬಂದಾಗ ಕ್ಯಾಮರಾ ತಂದು ನನ್ನ ಕೊರಳಿಗೆ ಹಾಕಿದಳು. ಅದು ನಾನು ಎಣಿಸಿದ್ದಕ್ಕಿಂತ ಭಾರವಾಗಿತ್ತು. ನನ್ನ ಹಿಂದೆ ನಿಂತು ಭುಜ ಹಿಡಿದು, ಉಸಿರು ಬಿಗಿಹಿಡಿಯಬೇಡಿ, ನಿಮಗೆ ಯಾವಾಗ ಅನ್ನಿಸುತ್ತದೋ ಆಗ ಒತ್ತಿ, ನನ್ನನ್ನು ಕೇಳಬೇಡಿ ಎಂದಳು.

ಆ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟೆ. ಚಂಪಾಳ ಕೈ, ಹುಡುಗನ ಕೈ, ಅದರ ಮೇಲೆ ತೆಂಗಿನಕಾಯಿ. ಅಮ್ಮ ತಂಬಿಗೆಯಿಂದ ನೀರು ಬಿಡುತ್ತಿದ್ದಳು. ಅಪ್ಪ ಹೊಸ ಪಂಚೆ, ಶಲ್ಯದಲ್ಲಿ, ಪುರೋಹಿತರು ಹೇಳಿಕೊಟ್ಟದ್ದನ್ನು ಒಂದು ಮಾತೂ ತಪ್ಪದ ಹಾಗೆ ಹೇಳುತ್ತಿದ್ದರು. ನಾನು ಅವರ ಮುಖವನ್ನು ಇಷ್ಟು ನೆಟ್ಟಗೆ ನೋಡಿ ಹದಿನಾಲ್ಕು ವರ್ಷವಾಗಿತ್ತು. ಲೋಟ ಕೊಡುವಾಗ ನಾನು ನೋಡುತ್ತಿದ್ದದ್ದು ಅವರ ಕೈಯನ್ನು. ಬಲಗಣ್ಣಿನ ಕೆಳಗೆ ಒಂದು ಹೊಸ ಮಚ್ಚೆಯಾಗಿತ್ತು, ಯಾವಾಗ ಆಯಿತೋ. ಗದ್ದದ ಹತ್ತಿರ ಕ್ಷೌರದ ಬ್ಲೇಡು ಕೊಯ್ದ ಗೀರಿತ್ತು. ನೀರು ಪೂರ್ತಿ ಹರಿದು ತಟ್ಟೆಗೆ ಬಿದ್ದ ಮೇಲೆ ಎಲ್ಲರೂ ಅಕ್ಷತೆ ಎಸೆದರು. ಎಲ್ಲರೂ ವಧೂವರರ ಕಡೆ ತಿರುಗಿದರು. ಅಪ್ಪ ಮಾತ್ರ ತಲೆಯೆತ್ತಿ ಜನರ ನಡುವೆ ನನ್ನನ್ನು ಹುಡುಕಿದರು. ನಾನು ಸಿಕ್ಕಿದೆ. ಆಗ ಒತ್ತಿದೆ.

ಒಂದೇ ಒಂದು ತೆಗೆದದ್ದು. ಆಮೇಲೆ ಕ್ಯಾಮರಾ ದಾಕ್ಷಾಯಿಣಿಗೆ ಕೊಟ್ಟು, ಹೆಣ್ಣುಮಕ್ಕಳ ಕೋಣೆಗೆ ಹೋಗಿ ಹಾಸಿಗೆ ಸುರುಳಿಗಳ ಮೇಲೆ ಕೂತೆ. ಯಾರೋ ದೂರದ ಸೋದರತ್ತೆ ಬಂದು, ತಂಗಿ ಹೋಗುತ್ತಾಳೆಂದು ಅಳುತ್ತೀಯಾ, ಅಳು, ಅತ್ತರೆ ಹಗುರಾಗುತ್ತದೆ ಎಂದು ಬೆನ್ನು ಸವರಿದರು.

ಚಂಪಾ ಹೊರಟುಹೋದ ಮೇಲೆ ಹದಿನೈದು ದಿನ ಮನೆ ಬಣಬಣ ಎನ್ನುತ್ತಿತ್ತು. ಅಪ್ಪ ದಿನಕ್ಕೊಮ್ಮೆ, ಬಂತಾ ಎಂದು ಕೇಳುತ್ತಿದ್ದರು. ಏನು ಎಂದು ಹೇಳುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ದಾಕ್ಷಾಯಿಣಿ ಆಲ್ಬಮ್ ಎದೆಗವಚಿಕೊಂಡು ಬಂದಳು. ಅಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಕೂತಳು. ನಾವೆಲ್ಲ ಚೆನ್ನಾಗಿ ಬಂದಿದ್ದೆವು. ನಾವಿರುವ ಹಾಗೆಯೇ, ಆದರೆ ನಮ್ಮ ಹಿತ ಬಯಸುವವರು ಯಾರೋ ಪಕ್ಕದಲ್ಲಿ ನಿಂತು ನೋಡುತ್ತಿರುವ ಹಾಗೆ. ಅಮ್ಮ ತನ್ನ ಫೋಟೋವನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿದಳು. ನಂತರ ಆ ಪುಟ ಬಂತು.

ನಾನು ಹೆಗ್ಗಣ ಕಾಣುತ್ತದೆಂದು ಹೆದರಿದ್ದೆ. ಹತ್ತಡಿಯ ಮನುಷ್ಯ ಕಂಡಾರೆಂದೂ ಹೆದರಿದ್ದೆ. ಒಳಗೆಲ್ಲೋ, ನನಗೇ ತಿಳಿಯದ ಹಾಗೆ ಪ್ರೀತಿಯಿದ್ದು ಅಪ್ಪ ತೇಜಸ್ಸಿನಿಂದ ಬಂದಿರಬಹುದೇನೋ ಎಂದು ಆಸೆಯನ್ನೂ ಪಟ್ಟಿದ್ದೆ. ಇದು ಯಾವುದೂ ಅಲ್ಲ. ಅದರಲ್ಲಿದ್ದದ್ದು ಒಬ್ಬ ಸಣ್ಣ ಮುದುಕ. ಶಲ್ಯ ಹೆಗಲಿಗೆ ದೊಡ್ಡದಾಗಿತ್ತು. ಅಕ್ಷತೆಯ ಎರಡು ಕಾಳು ಹುಬ್ಬಿನಲ್ಲಿ ಸಿಕ್ಕಿಕೊಂಡಿದ್ದವು. ಅವರು ನೆಟ್ಟಗೆ ನೋಡುತ್ತಿದ್ದರು, ನೋಡುತ್ತಿದ್ದದ್ದು ನನ್ನನ್ನು, ಮತ್ತು ಆ ಕಣ್ಣುಗಳಲ್ಲಿ ಹೆದರಿಕೆಯಿತ್ತು. ಶಾಲೆಯಲ್ಲಿ ತಪ್ಪು ಮಾಡಿದ ಮಗು ಮೇಷ್ಟರು ಕರೆಯುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತಿರುತ್ತದಲ್ಲ, ಹಾಗೆ. ಮೇಷ್ಟರು ಕರೆಯುವುದೂ ಇಲ್ಲ, ಹೋಗು ಎನ್ನುವುದೂ ಇಲ್ಲ. ನಮ್ಮೂರಿನಲ್ಲಿ ಫೋಟೋಗೆ ಸುಳ್ಳು ಬರುವುದಿಲ್ಲ. ತೆಗೆದವಳು ನಾನು, ನನ್ನ ಮನಸ್ಸಿನಲ್ಲಿ ಇದ್ದದ್ದೇ ಅದರಲ್ಲಿ ಬಂದದ್ದು. ಅಂದರೆ ಈ ಹೆದರಿಕೆಯನ್ನು ನಾನು ಮೊದಲೇ ಕಂಡಿದ್ದೆ. ದಿನಾ ಬೆಳಿಗ್ಗೆ ಲೋಟ ಕೊಡುವಾಗ ಕಂಡಿದ್ದೆ, ಕಂಡೂ ಕೈಯನ್ನಷ್ಟೇ ನೋಡಿದ್ದೆ. ನನಗೆ ಅವರ ಮೇಲೆ ಸಿಟ್ಟಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದು, ಬರೀ ಸಿಟ್ಟಾಗಿರಲಿಲ್ಲ, ಅವರನ್ನು ಬಾಗಿಲಲ್ಲೇ ಕಾಯಿಸಿದ್ದೂ ನಾನೇ.

ದಾಕ್ಷಾಯಿಣಿ ಮೆಲ್ಲಗೆ, ಇದನ್ನು ತೊಳೆಯುವಾಗ ನಾನೇ ಬಹಳ ಹೊತ್ತು ನೋಡಿದೆ ಎಂದಳು. ಈಗಲೂ ಅವರ ಫೋಟೋ ನಾನು ತೆಗೆಯಲಾರೆ, ಆದರೆ ನೋಡಿದೆ ಎಂದಳು.

ಅಪ್ಪ ಜಗಲಿಯಿಂದ ಒಳಗೆ ಬಂದರು. ನಾನು ಆಲ್ಬಮ್ಮನ್ನು ಅವರ ಕೈಗೆ ಕೊಟ್ಟೆ. ಅವರು ಕನ್ನಡಕವನ್ನು ಒರೆಸಿ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅಪ್ಪ ಆ ಪುಟದ ಮೇಲೆ ಒಮ್ಮೆ ಬೆರಳಾಡಿಸಿ, ಹುಬ್ಬಿನಲ್ಲಿ ಅಕ್ಷತೆ ಉಳಿದುಬಿಟ್ಟಿದೆ, ಯಾರಾದರೂ ಹೇಳಬಾರದಿತ್ತಾ ಎಂದರು.

“ಆ ಮಂಡಿಯಿಂದ ಬಂದ ಸಂಜೆ,” ಎಂದರು, ಇನ್ನೂ ಫೋಟೋವನ್ನೇ ನೋಡುತ್ತ. “ನೀನು ಹೊಲೀತಾ ಕೂತಿದ್ದೆ. ನಾನು ನಿನ್ನ ಮುಂದೆ ನಿಂತು ಹೇಳ್ಬೇಕಿತ್ತು. ದಾಟಿಕೊಂಡು ಹೋದೆ.”

“ಹೌದು,” ಎಂದೆ.

“ನನ್ನಿಂದ ತಪ್ಪಾಯ್ತು ಜಲಜಾ.”

ಪರವಾಗಿಲ್ಲ ಎಂದರೆ ಸುಳ್ಳಾಗುತ್ತಿತ್ತು. ನಾನು ತಲೆಯಾಡಿಸಿದೆ. ಅವರೂ ತಲೆಯಾಡಿಸಿದರು. ಅಮ್ಮ ಎದ್ದು ಹೋಗಿ ಸುಮ್ಮಸುಮ್ಮನೆ ಒಲೆಯ ಮೇಲೆ ಹಾಲಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಆಲ್ಬಮ್ ಮುಚ್ಚಿ ದಾಕ್ಷಾಯಿಣಿಯ ಕಡೆ ತಿರುಗಿ, ನಿನ್ನ ಕ್ಯಾಮರಾದಲ್ಲಿ ರೀಲ್ ಇದೆಯೇನಮ್ಮ ಎಂದು ಕೇಳಿದರು. ಇದೆ ಎಂದಳು. ನನಗೆ ಒಂದು ಸಲ ಕೊಡುತ್ತೀಯಾ, ಇವಳದ್ದು ಒಂದು ತೆಗೆಯಬೇಕು ಎಂದರು. ದಾಕ್ಷಾಯಿಣಿ ಅವರ ಮುಖವನ್ನು ಒಮ್ಮೆ ನೋಡಿ, ಚೀಲದಿಂದ ಕ್ಯಾಮರಾ ತೆಗೆದು ಕೊಟ್ಟಳು. ಹೇಗೆ ಹಿಡಿಯುವುದು, ಎಲ್ಲಿ ಒತ್ತುವುದು ಎಂದು ತೋರಿಸಿದಳು. ಅವಳ ಬೆರಳುಗಳು ಅವರ ಬೆರಳುಗಳನ್ನು ಸರಿಪಡಿಸಿ ಇಟ್ಟವು.

ಹಿತ್ತಲಿನಲ್ಲಿ ಬಿಸಿಲು ಚೆನ್ನಾಗಿತ್ತು. ನಾನು ಮನೆಯ ಹಳೇ ಸೀರೆಯಲ್ಲಿದ್ದೆ, ತಲೆ ಬಾಚಿರಲಿಲ್ಲ. ಬಟ್ಟೆ ಬದಲಾಯಿಸಿ ಬರುತ್ತೇನೆ ಎಂದರೆ ಅಪ್ಪ ಬೇಡ ಎಂದರು. ಒಗೆಯುವ ಕಲ್ಲಿನ ಪಕ್ಕದಲ್ಲಿ ನಿಂತೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗು ಹಿಡಿದುಕೊಂಡೆ. ಅಪ್ಪ ಎರಡು ಹೆಜ್ಜೆ ಹಿಂದೆ ಹೋದರು, ಒಂದು ಹೆಜ್ಜೆ ಮುಂದೆ ಬಂದರು, ಒಂದು ಕಣ್ಣು ಮುಚ್ಚಿ ಕ್ಯಾಮರಾವನ್ನು ಮುಖಕ್ಕೆ ಹಿಡಿದರು. ಬಿಸಿಲಿಗೆ ನನ್ನ ಕಣ್ಣಲ್ಲಿ ನೀರು ಬಂತು. ಆದರೂ ಅವರು ಒತ್ತಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಿಣಿ, ಒತ್ತಿ ಸಾರ್, ಅಷ್ಟೇ ಎಂದಳು.

“ಇರಮ್ಮ,” ಎಂದರು ಅಪ್ಪ. “ಇನ್ನೂ ನೋಡ್ತಾ ಇದೀನಿ.”